ಬಟ್ಟೆ ತುಳಿದವರ ಹೆಸರು: ವಾಕರ್

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸಕ್ಕಿದ್ದಾಳೆ. ಅವಳ ಆಫೀಸಿನ ಒಂದೇ ಮಹಡಿಯಲ್ಲಿ ಮೂರು ಜನ ವಾಕರ್‌ಗಳಿದ್ದಾರಂತೆ, ಆದರೆ ಅವರಿಗೆ ಒಬ್ಬರಿಗೊಬ್ಬರು ಏನೂ ಸಂಬಂಧ ಇಲ್ಲವಂತೆ. ವಾಕರ್ ಅಂದರೆ ನಡೆಯುವವನು ಅಂತ ತಾನೆ? ಅವರ ಹಿರಿಯರು ಟಪಾಲು ಹೊತ್ತು ಊರೂರು ನಡೆಯುತ್ತಿದ್ದವರಾ, ಅಥವಾ ಕಾಡು ಕಾಯುತ್ತಿದ್ದವರಾ? ನಮ್ಮ ಕಡೆ ಬಡಿಗೇರ, ಕಂಬಾರ ಅಂತ ಅಡ್ಡಹೆಸರು ಇರುವ ಹಾಗೆ ಇದೂ ಒಂದು ಕಸುಬಿನ, ಜಾತಿಯ ಹೆಸರಾ? ಈ ಹೆಸರಿನವರು ಅಷ್ಟೊಂದು ಜನ ಹೇಗಾದರು? (ಹುಬ್ಬಳ್ಳಿಯ ಓದುಗರು)

ಉತ್ತರ: ಕಸುಬಿನ ಹೆಸರು ಅನ್ನುವ ನಿಮ್ಮ ಊಹೆ ಸರಿ. ಆದರೆ ಆ ಕಸುಬಿಗೂ ಊರೂರು ನಡೆಯುವುದಕ್ಕೂ ಸಂಬಂಧ ಇಲ್ಲ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯನ್ನು ತೊಟ್ಟಿಗೆ ಹಾಕಿ, ನೆನೆಸಿ, ಅದರ ಮೇಲೆ ನಿಂತು ಗಂಟೆಗಟ್ಟಲೆ ತುಳಿಯುತ್ತಿದ್ದವನು ವಾಕರ್. ಕನ್ನಡದಲ್ಲಿ ಒಂದೇ ಮಾತಲ್ಲಿ ಹೇಳಬೇಕೆಂದರೆ ತುಳಿಯುವವನು. ದಿನವಿಡೀ ಹೆಜ್ಜೆ ಹಾಕುತ್ತಿದ್ದ, ಆದರೆ ತೊಟ್ಟಿ ಬಿಟ್ಟು ಒಂದು ಮಾರು ಆಚೆ ಹೋಗುತ್ತಿರಲಿಲ್ಲ.

ಬಟ್ಟೆಯನ್ನು ಯಾಕೆ ತುಳಿಯಬೇಕಿತ್ತು ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮಮ್ಮ ನನಗೊಂದು ಉಣ್ಣೆ ಸ್ವೆಟರ್ ಹೆಣೆದುಕೊಟ್ಟಿದ್ದರು. ಕಡುನೀಲಿ ಬಣ್ಣದ್ದು, ತೋಳು ಸ್ವಲ್ಪ ಉದ್ದ. ಒಂದು ದಿನ ಅದು ಬೇರೆ ಬಟ್ಟೆಗಳ ಜೊತೆ ವಾಷಿಂಗ್ ಮೆಷಿನ್ನಿನ ಬಿಸಿನೀರಿಗೆ ಬಿತ್ತು. ಹೊರಗೆ ತೆಗೆದಾಗ ನಾಲ್ಕು ವರ್ಷದ ಮಗುವಿಗೆ ಆಗುವಷ್ಟು ಚಿಕ್ಕದಾಗಿತ್ತು. ಕೈಯಲ್ಲಿ ಹಿಡಿದರೆ ರಟ್ಟು ಹಿಡಿದ ಹಾಗೆ ದಪ್ಪ. ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಕಿಟಕಿಗೆ ಅಡ್ಡ ಹಿಡಿದರೆ ಒಂದು ಚುಕ್ಕೆ ಬೆಳಕೂ ಹಾಯುತ್ತಿರಲಿಲ್ಲ. ತುಂಬ ಬೇಜಾರಾಯಿತು, ಅಮ್ಮನಿಗೆ ಹೇಳುವುದಕ್ಕೂ ಆಗಲಿಲ್ಲ. ವಾಕರ್‌ನ ಕೆಲಸ ಏನು ಅಂತ ಯಾರಾದರೂ ಕೇಳಿದಾಗೆಲ್ಲ ನನಗೆ ಆ ಸ್ವೆಟರ್ ನೆನಪಾಗುತ್ತದೆ. ಯಾಕೆಂದರೆ ಅದಕ್ಕೆ ಆಗಿದ್ದೂ ಅದೇ. ಒಂದೇ ವ್ಯತ್ಯಾಸ, ನಮ್ಮ ಮನೆಯಲ್ಲಿ ಅದು ಗೊತ್ತಿಲ್ಲದೆ ಆಯಿತು. ಆ ಕಾಲದವರು ಬೇಕಂತಲೇ, ಅಳತೆ ನೋಡಿಕೊಂಡು ಮಾಡುತ್ತಿದ್ದರು.

ಉಣ್ಣೆಯ ಎಳೆ ನೂಲಿನ ಹಾಗೆ ನಯವಾಗಿರುವುದಿಲ್ಲ. ಮೀನಿನ ಹುರುಪೆಯಂತೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿರುತ್ತವೆ. ನೀರು, ಬಿಸಿ, ಒತ್ತಡ ಮೂರೂ ಸೇರಿದರೆ ಈ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಆ ಕಾಲದಲ್ಲಿ ಮಗ್ಗದಿಂದ ಬಂದ ಬಟ್ಟೆ ತೀರ ಸಡಿಲ. ಅಂಗಿ ಹೊಲಿಸಿಕೊಂಡರೆ ಗಾಳಿ ನೇರ ಒಳಗೆ ಬರುತ್ತಿತ್ತು. ಸಾಲದ್ದಕ್ಕೆ ಕುರಿಯ ಜಿಡ್ಡು, ನೂಲುವಾಗ ಸವರಿದ ಎಣ್ಣೆ ಅಥವಾ ಬೆಣ್ಣೆಯ ಜಿಡ್ಡು ಎರಡೂ ಅದರಲ್ಲೇ ಉಳಿದಿರುತ್ತಿತ್ತು. ಚೆನ್ನಾಗಿ ತುಳಿದರೆ ಜಿಡ್ಡೂ ಹೋಗುತ್ತದೆ, ನೇಯ್ಗೆಯೂ ಬಿಗಿಯಾಗುತ್ತದೆ. ಕೆಲವು ಬಗೆಯ ಬಟ್ಟೆ ತುಳಿದು ಮುಗಿಸುವ ಹೊತ್ತಿಗೆ ಅಗಲದಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತಿತ್ತು. ಅದಕ್ಕೇ ನೇಕಾರರು ಮೊದಲೇ ಲೆಕ್ಕ ಹಾಕಿ ಜಾಸ್ತಿ ಅಗಲಕ್ಕೆ ನೇಯುತ್ತಿದ್ದರು.

ಇನ್ನು ತೊಟ್ಟಿಯೊಳಗೆ ಏನಿರುತ್ತಿತ್ತು? ಬರೀ ನೀರಲ್ಲ. ಹಳಸಿದ ಮನುಷ್ಯ ಮೂತ್ರ. ಇದನ್ನು ಓದಿ ಮುಖ ಕಿವುಚಬೇಡಿ. ಸೋಪು ದುಬಾರಿಯಾಗಿದ್ದ ಕಾಲ ಅದು. ಮೂತ್ರ ಕೆಲವು ದಿನ ಇಟ್ಟರೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ, ಅಮೋನಿಯಾ ಜಿಡ್ಡು ಕೀಳುತ್ತದೆ. ರೋಮ್‌ನಲ್ಲೂ ಬಟ್ಟೆ ಹೀಗೇ ತುಳಿಯುತ್ತಿದ್ದರು. ಅಲ್ಲಿ ವೆಸ್ಪಾಸಿಯನ್ ಎಂಬ ಚಕ್ರವರ್ತಿ ಮೂತ್ರ ಕೊಳ್ಳುವವರ ಮೇಲೆ ತೆರಿಗೆಯನ್ನೇ ಹಾಕಿದ್ದ ಅಂದಮೇಲೆ ಈ ವ್ಯಾಪಾರ ಎಷ್ಟು ದೊಡ್ಡದಿತ್ತು ಅಂತ ಯೋಚನೆ ಮಾಡಿ. ಇಂಗ್ಲೆಂಡಿನಲ್ಲೂ ಮನೆಮನೆಯಿಂದ ಸಂಗ್ರಹಿಸಿ ತರುತ್ತಿದ್ದರು, ಹಳಸಿದ ಮೂತ್ರಕ್ಕೆ ಲ್ಯಾಂಟ್ ಎಂಬ ಬೇರೆ ಹೆಸರೇ ಇತ್ತು.

ಮೂತ್ರದ ಜೊತೆ ಒಂದು ಬಗೆಯ ಮಣ್ಣನ್ನೂ ಹಾಕುತ್ತಿದ್ದರು. ಜಿಡ್ಡು ಹೀರಿಕೊಳ್ಳುವ, ನುಣುಪಾದ ಜೇಡಿ. ಇಂಗ್ಲಿಷಿನಲ್ಲಿ ಅದಕ್ಕೆ ಫುಲ್ಲರ್ಸ್ ಅರ್ತ್ ಅನ್ನುತ್ತಾರೆ, ಅಂದರೆ ಬಟ್ಟೆ ತುಳಿಯುವವರ ಮಣ್ಣು. ಅದೇ ಬಗೆಯ ಮಣ್ಣು ನಿಮ್ಮ ಮನೆಯ ಬಚ್ಚಲಿನ ಗೂಡಿನಲ್ಲೂ ಇರಬಹುದು. ಹೌದು, ಮುಲ್ತಾನಿ ಮಿಟ್ಟಿ! ಮುಖಕ್ಕೆ ಹಚ್ಚಿ ಒಣಗಿದ ಮೇಲೆ ಚರ್ಮ ಬಿಗಿಯುತ್ತದಲ್ಲ, ಎಣ್ಣೆ ಹೋಗಿ ಮುಖ ಒರಟಾಗುತ್ತದಲ್ಲ, ತೊಟ್ಟಿಯೊಳಗಿನ ಬಟ್ಟೆಯ ಜಿಡ್ಡನ್ನೂ ಅದು ಹಾಗೇ ತೆಗೆಯುತ್ತಿತ್ತು. ನಮ್ಮಲ್ಲಿ ಅಗಸರು ಉಬ್ಬೆ ಹಾಕುವಾಗ ಚೌಳುಮಣ್ಣು ಬಳಸುತ್ತಿದ್ದರು ಅನ್ನುವುದನ್ನು ನೆನೆಸಿಕೊಂಡರೆ ಇದು ಅಷ್ಟೇನೂ ಹೊಸದು ಅನ್ನಿಸುವುದಿಲ್ಲ.

ತುಳಿದಾದ ಮೇಲೆ ಬಟ್ಟೆಯನ್ನು ಶುದ್ಧ ನೀರಲ್ಲಿ ತೊಳೆದು ಬಯಲಿನಲ್ಲಿ ಟೆಂಟರ್ ಎಂಬ ಉದ್ದನೆಯ ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಬಿಗಿದು ಒಣಹಾಕುತ್ತಿದ್ದರು, ಸೊಟ್ಟಗೆ ಕುಗ್ಗಬಾರದು ಅಂತ. ಆತಂಕದಲ್ಲಿ ತುದಿಗಾಲ ಮೇಲೆ ನಿಂತವರ ಬಗ್ಗೆ ಇಂಗ್ಲಿಷಿನವರು ಟೆಂಟರ್‌ಹುಕ್ಸ್ ಮೇಲೆ ಇದ್ದಾರೆ ಅನ್ನುವುದು ಈ ಕೊಕ್ಕೆಗಳಿಂದಲೇ ಬಂದ ಮಾತು. ಲಂಡನ್ನಿನಲ್ಲಿ ಟೆಂಟರ್ ಗ್ರೌಂಡ್ ಎಂಬ ಜಾಗ ಇವತ್ತಿಗೂ ಇದೆ.

ಈಗ ಪದಕ್ಕೆ ಬರೋಣ. ನನಗೆ ಈ ಹೆಸರಿನಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ ಭಾಗ.

ಹಳೆಯ ಇಂಗ್ಲಿಷಿನಲ್ಲಿ ವೆಯಾಲ್ಕನ್ ಎಂಬ ಕ್ರಿಯಾಪದ ಇತ್ತು. ಅದರ ಅರ್ಥ ಉರುಳು, ಹೊರಳು, ಅತ್ತಿತ್ತ ಹೊಯ್ದಾಡು. ಸಮುದ್ರದ ಅಲೆ ಹೊರಳುವುದಕ್ಕೂ ಅದೇ ಪದ. ಬಟ್ಟೆಯನ್ನು ತೊಟ್ಟಿಯಲ್ಲಿ ಹೊರಳಿಸಿ ತುಳಿಯುವವನಿಗೆ ವೆಯಾಲ್ಕೆರೆ ಅನ್ನುತ್ತಿದ್ದರು. ಆಗ ನಡೆಯುವುದಕ್ಕೆ ಬೇರೆಯೇ ಪದ ಇತ್ತು, ಗಂಗನ್ ಅಂತ. ಸುಮಾರು 1200ರ ಹೊತ್ತಿಗೆ ಈ ಮೊದಲಿನ ಪದದ ಅರ್ಥ ನಿಧಾನಕ್ಕೆ ಜಾರಿತು. ಅತ್ತಿತ್ತ ಹೊರಳು ಅನ್ನುವುದು ಅತ್ತಿತ್ತ ಓಡಾಡು ಅಂತಾಯಿತು, ಓಡಾಡು ಅನ್ನುವುದು ಕಾಲಲ್ಲಿ ನಡೆ ಅಂತಾಯಿತು. ಅಂದರೆ ನಾವು ಶಾಲೆಯಲ್ಲಿ ಕಲಿತ ವಾಕ್ ಪದದ ಅರ್ಥ ಹೊಸದು, ವಾಕರ್ ಹೆಸರಿನೊಳಗೆ ಕೂತಿರುವ ಅರ್ಥ ಹಳೆಯದು. ಕ್ರಿಯಾಪದ ತೊಟ್ಟಿ ಬಿಟ್ಟು ರಸ್ತೆಗೆ ಬಂತು, ಹೆಸರು ಮಾತ್ರ ತೊಟ್ಟಿಯಲ್ಲೇ ನಿಂತಿತು. ಜರ್ಮನ್ ಭಾಷೆಯಲ್ಲಿ ಇದರ ಅಕ್ಕತಂಗಿ ಪದ ಇವತ್ತಿಗೂ ಬಟ್ಟೆ ತುಳಿಯುವುದಕ್ಕೇ ಬಳಕೆಯಲ್ಲಿದೆ, ಮತ್ತು ಅಲ್ಲಿಯೂ ವಾಲ್ಕರ್ ಎಂಬ ಮನೆತನದ ಹೆಸರಿದೆ.

ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ಗಟ್ಟಿಯಾದದ್ದು ಸುಮಾರು 1250ರಿಂದ 1400ರ ನಡುವೆ. ಅದಕ್ಕೂ ಮುಂಚೆ ಸಾಮಾನ್ಯ ಜನಕ್ಕೆ ಒಂದೇ ಹೆಸರು. ಆ ಹೆಸರುಗಳೂ ಬೆರಳೆಣಿಕೆಯಷ್ಟೇ: ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್. ಒಂದೇ ಹಳ್ಳಿಯಲ್ಲಿ ಐದಾರು ಜಾನ್‌ಗಳು. ನಮ್ಮ ಹಳ್ಳಿಗಳಲ್ಲಿ ಇಂಥ ಹೊತ್ತಿಗೆ ಏನು ಮಾಡುತ್ತೇವೆ ಹೇಳಿ? ಗಿರಣಿ ಬಸಣ್ಣ, ಕೆರೆದಂಡಿ ಬಸಣ್ಣ, ಕೆಂಚ ಬಸಣ್ಣ, ಫಕೀರಪ್ಪನ ಮಗ ಬಸಣ್ಣ ಅನ್ನುತ್ತೇವೆ ಅಲ್ವಾ? ಅವರೂ ಅದನ್ನೇ ಮಾಡಿದರು. ಕಸುಬು, ಜಾಗ, ಮೈಬಣ್ಣ ಅಥವಾ ಗುಣ, ಅಪ್ಪನ ಹೆಸರು, ಈ ನಾಲ್ಕರಲ್ಲಿ ಯಾವುದೋ ಒಂದು ಸೇರಿಕೊಳ್ಳುತ್ತಿತ್ತು. 13ನೇ ಶತಮಾನದ ದಾಖಲೆಗಳಲ್ಲಿ ರಿಚರ್ಡ್ ಲೆ ವಾಕರೆ ಎಂಬಂಥ ರೂಪಗಳು ಸಿಗುತ್ತವೆ. ಆ ಲೆ ಅನ್ನುವುದು ಫ್ರೆಂಚ್ ಬಾಲ, ಆಗ ಸರ್ಕಾರದ ಬರಹ ಫ್ರೆಂಚ್ ಮತ್ತು ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ತೆರಿಗೆ ವಸೂಲಿಯವರಿಗೆ ಯಾವ ಜಾನ್ ದುಡ್ಡು ಕೊಟ್ಟ, ಯಾವ ಜಾನ್ ಕೊಟ್ಟಿಲ್ಲ ಅನ್ನುವುದು ತಿಳಿಯಬೇಕಿತ್ತು. 1377, 1379 ಮತ್ತು 1381ರ ತಲೆತೆರಿಗೆಯ ಪಟ್ಟಿಗಳು ಇವತ್ತು ಹೆಸರಿನ ಸಂಶೋಧಕರಿಗೆ ದೊಡ್ಡ ಗಣಿ. ಯಾರದೋ ತೆರಿಗೆಯ ಲೆಕ್ಕಕ್ಕೆ ಬರೆದ ಕಾಗದ, ಆರುನೂರು ವರ್ಷ ಆದಮೇಲೆ ಒಬ್ಬ ಬಟ್ಟೆ ತುಳಿಯುವವನ ಇರುವಿಕೆಗೆ ಸಾಕ್ಷಿಯಾಗಿ ಉಳಿದಿದೆ. ನನಗಂತೂ ಅಂಥ ಸಾಲು ಓದುವಾಗ ಪ್ರತಿ ಸಲವೂ ಮನಸ್ಸು ತುಂಬುತ್ತದೆ.

ಇಲ್ಲೊಂದು ಸೊಗಸಾದ ಸಂಗತಿ ಇದೆ. ಈ ಒಂದೇ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು, ಮೂರೂ ಮನೆತನದ ಹೆಸರುಗಳಾದವು. ಉತ್ತರದಲ್ಲಿ ಮತ್ತು ನಡುನಾಡಿನಲ್ಲಿ ವಾಕರ್. ಆಗ್ನೇಯದಲ್ಲಿ, ನಾರ್ಫೋಕ್ ಸಫೋಕ್ ಕಡೆ ಫುಲ್ಲರ್, ಇದು ಲ್ಯಾಟಿನ್‌ನ ಫುಲ್ಲೋ ಎಂಬ ಪದದಿಂದ ಬಂದದ್ದು. ನೈಋತ್ಯದಲ್ಲಿ, ಡೆವನ್ ಸಾಮರ್‌ಸೆಟ್ ಕಡೆ ಟಕ್ಕರ್. ಈ ಟಕ್ಕರ್‌ನ ಮೂಲ ಪದಕ್ಕೆ ಹಿಂಸಿಸು, ಪೀಡಿಸು ಅನ್ನುವ ಅರ್ಥ ಇತ್ತು. ಬಟ್ಟೆಗೆ ಅವನು ಕೊಡುತ್ತಿದ್ದ ಹಿಂಸೆ ನೋಡಿದರೆ ಸರಿಯಾದ ಹೆಸರೇ. ನಮ್ಮಲ್ಲೂ ಹೀಗಿದೆ. ನಿಮ್ಮ ಕಡೆ ಬಂಗಾರದ ಕೆಲಸದವರು ಪತ್ತಾರರು, ಮೈಸೂರು ಕಡೆ ಅಕ್ಕಸಾಲಿಗಳು. ನಿಮ್ಮ ಕಡೆ ಬಡಿಗೇರ, ದಕ್ಷಿಣಕ್ಕೆ ಬಂದರೆ ಆಚಾರಿ. ಪದ ಕೇಳಿದರೆ ಸೀಮೆ ಹೇಳಬಹುದು.

ಹಾಗೆ ಊಹಿಸಿದರೆ ಅದು ಎಷ್ಟು ಸರಿಯಾಗಿ ಕೂರುತ್ತದೆ ಅನ್ನುವುದಕ್ಕೆ ಒಂದೆರಡು ಉದಾಹರಣೆ ಕೊಡುತ್ತೇನೆ. ಡೆವನ್‌ನ ಎಕ್ಸೆಟರ್ ನಗರದಲ್ಲಿ ನೇಕಾರರ, ಬಟ್ಟೆ ತುಳಿಯುವವರ ಸಂಘದ ಹಳೆಯ ಕಟ್ಟಡ ಈಗಲೂ ಇದೆ, 1471ರಲ್ಲಿ ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದು, ಅದರ ಹೆಸರು ಟಕ್ಕರ್ಸ್ ಹಾಲ್. ಅದೇ ಕಟ್ಟಡ ಯಾರ್ಕ್‌ಶೈರಿನಲ್ಲಿ ಇದ್ದಿದ್ದರೆ ಜನ ಅದನ್ನು ವಾಕರ್ಸ್ ಹಾಲ್ ಅನ್ನುತ್ತಿದ್ದರು ಅಂತ ನನ್ನ ನಂಬಿಕೆ. ಇನ್ನು 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದವರಲ್ಲಿ ಎಡ್ವರ್ಡ್ ಫುಲ್ಲರ್ ಮತ್ತು ಸ್ಯಾಮ್ಯುಯೆಲ್ ಫುಲ್ಲರ್ ಎಂಬ ಅಣ್ಣತಮ್ಮಂದಿರು ಇದ್ದರು. ಅವರ ಊರು ಎಲ್ಲಿ? ನಾರ್ಫೋಕ್. ವೇಲ್ಸ್‌ಗೆ ಹೋದರೆ ಅಲ್ಲಿನ ಭಾಷೆಯಲ್ಲಿ ಬಟ್ಟೆ ತುಳಿಯುವ ಗಿರಣಿಗೆ ಪಾಂಡಿ ಅನ್ನುತ್ತಾರೆ, ಟೋನಿಪಾಂಡಿ ಎಂಬ ಊರಿನ ಹೆಸರಿನಲ್ಲಿ ಇರುವುದು ಅದೇ.

14ನೇ ಶತಮಾನದ ಇಂಗ್ಲಿಷ್ ಬೈಬಲಿನ ಒಂದು ರೂಪದಲ್ಲಿ ಮಾರ್ಕನ ಸುವಾರ್ತೆಯ ಒಂದು ಮಾತಿಗೆ ಎರಡೂ ಪದಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಯೇಸುವಿನ ಉಡುಪು ಎಷ್ಟು ಬೆಳ್ಳಗಾಯಿತೆಂದರೆ ಭೂಮಿಯ ಮೇಲಿನ ಯಾವ ಫುಲ್ಲರನೂ, ಅಥವಾ ಬಟ್ಟೆಯ ವಾಕರನೂ, ಅಷ್ಟು ಬೆಳ್ಳಗೆ ಮಾಡಲಾರ ಅಂತ. ಒಂದು ಸೀಮೆಯವರಿಗೆ ಅರ್ಥವಾದ ಪದ ಇನ್ನೊಂದು ಸೀಮೆಯವರಿಗೆ ಅರ್ಥವಾಗದಿದ್ದರೆ ಕಷ್ಟ ಅಂತ ಎರಡನ್ನೂ ಕೊಟ್ಟಿರಬೇಕು. ಕನ್ನಡ ಬೈಬಲಿನಲ್ಲಿ ಅದೇ ಜಾಗದಲ್ಲಿ ಅಗಸ ಬರುತ್ತಾನೆ.

ಇನ್ನು ನಿಮ್ಮ ಮಗಳ ಊರು. ನೀವು ಲೀಡ್ಸ್ ಅಂತ ಬರೆದದ್ದು ನೋಡಿ ನನಗೆ ಖುಷಿಯಾಯಿತು. ಕಾಲಿನ ಬದಲು ನೀರಿನ ಚಕ್ರದಿಂದ ಮರದ ಸುತ್ತಿಗೆಗಳನ್ನು ಎತ್ತಿ ಬಡಿಸಿ ಬಟ್ಟೆ ಬಿಗಿಗೊಳಿಸುವ ಗಿರಣಿಗಳ ಬಗ್ಗೆ ಇಂಗ್ಲೆಂಡಿನಲ್ಲಿ ಸಿಗುವ ಅತಿ ಹಳೆಯ ದಾಖಲೆ 1185ರದ್ದು. ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳು ತಮ್ಮ ಆಸ್ತಿಯ ಪಟ್ಟಿ ಮಾಡಿದಾಗ ಅಂಥ ಎರಡು ಗಿರಣಿ ಬರೆದಿದ್ದಾರೆ. ಅದರಲ್ಲಿ ಒಂದು ಇದ್ದದ್ದು ಟೆಂಪಲ್ ನ್ಯೂಸಮ್‌ನಲ್ಲಿ. ಆ ಜಾಗ ಇವತ್ತು ಲೀಡ್ಸ್ ನಗರದೊಳಗೇ ಇದೆ, ದೊಡ್ಡ ಬಂಗಲೆ, ಸುತ್ತ ಸಾರ್ವಜನಿಕ ಉದ್ಯಾನ. ರಜೆಯ ದಿನ ಮಗಳು ಬಸ್ಸಿನಲ್ಲಿ ಹೋಗಿ ಬರಬಹುದು.

ಗಿರಣಿ ಬಂದಮೇಲೆ ಕಾಲಿನ ಕೆಲಸ ಕಡಿಮೆಯಾಗುತ್ತಾ ಹೋಯಿತು. ಹೆಸರು ಬದಲಾಗಲಿಲ್ಲ. ಗಿರಣಿಯನ್ನೇ ಉತ್ತರದ ಜನ ವಾಕ್ ಮಿಲ್ ಅಂದರು, ಗಿರಣಿ ನಡೆಸುವವನನ್ನೂ ವಾಕರ್ ಅಂದರು. ಹಾಗಾಗಿ ಇವತ್ತಿನ ಎಷ್ಟೋ ವಾಕರ್‌ಗಳ ಮೂಲಪುರುಷ ತೊಟ್ಟಿಗೆ ಕಾಲಿಟ್ಟವನೇ ಅಲ್ಲ, ಗಿರಣಿಯ ಸುತ್ತಿಗೆ ನೋಡಿಕೊಂಡವನು. ಲೀಡ್ಸ್‌ನ ಆರ್ಮ್ಲಿ ಮಿಲ್ಸ್‌ನಲ್ಲೂ 18ನೇ ಶತಮಾನದಲ್ಲಿ ಈ ಕೆಲಸ ನಡೆಯುತ್ತಿತ್ತು, ಈಗ ಅದು ವಸ್ತುಸಂಗ್ರಹಾಲಯ.

ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಲ್ಲಿ ಮಾತ್ರ ಕೈಯಲ್ಲೇ ಮಾಡುವ ಪದ್ಧತಿ 20ನೇ ಶತಮಾನದವರೆಗೂ ಉಳಿದಿತ್ತು. ಅಲ್ಲಿ ಅದು ಹೆಂಗಸರ ಕೆಲಸ. ಉದ್ದನೆಯ ಹಲಗೆಯ ಎರಡೂ ಬದಿ ಕೂತು, ಒದ್ದೆ ಬಟ್ಟೆಯನ್ನು ಹಲಗೆಗೆ ಬಡಿಯುತ್ತಾ, ಪಕ್ಕದವಳಿಗೆ ದಾಟಿಸುತ್ತಾ, ಆ ಬಡಿತದ ತಾಳಕ್ಕೇ ಹಾಡುತ್ತಿದ್ದರು. ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಆ ಹಾಡುಗಳ ಧ್ವನಿಮುದ್ರಣ ಸಿಗುತ್ತದೆ. ನಮ್ಮ ಬೀಸುವ ಪದ ಕೇಳಿ ಬೆಳೆದವರಿಗೆ ಭಾಷೆ ಗೊತ್ತಿಲ್ಲದಿದ್ದರೂ ಆ ಹಾಡು ಯಾತಕ್ಕೆ ಹುಟ್ಟಿತು ಅನ್ನುವುದು ತಕ್ಷಣ ತಿಳಿಯುತ್ತದೆ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಬಟ್ಟೆ ತುಳಿಯುವವನ ಮಗ ಅನ್ನುವ ಅರ್ಥದ ಮನೆತನದ ಹೆಸರೂ ಇತ್ತು. ಇಂಗ್ಲಿಷ್ ಬಳಕೆ ಹೆಚ್ಚಾದಂತೆ ಆ ಮನೆಗಳಲ್ಲಿ ಕೆಲವು ತಮ್ಮ ಹೆಸರನ್ನು ವಾಕರ್ ಅಂತ ಅನುವಾದ ಮಾಡಿಕೊಂಡವು.

ಜಾತಿಯ ಬಗ್ಗೆ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ವಾಕರ್ ಜಾತಿಯ ಹೆಸರಲ್ಲ. ನಮ್ಮಲ್ಲಿ ಕಸುಬಿನ ಅಡ್ಡಹೆಸರು ಅಂದರೆ ಅದರ ಹಿಂದೆ ಮದುವೆ, ಊಟ, ಕೇರಿ ಎಲ್ಲ ಬರುತ್ತವೆ. ಇಂಗ್ಲೆಂಡಿನಲ್ಲಿ ಕಸುಬಿಗೆ ಸಂಘ ಇತ್ತು, ಕಲಿಯುವುದಕ್ಕೆ ಗುರುವಿನ ಮನೆಯಲ್ಲಿ ಏಳೆಂಟು ವರ್ಷ ದುಡಿಯಬೇಕಿತ್ತು, ಆದರೆ ಹುಟ್ಟಿನಿಂದ ಕಟ್ಟು ಇರಲಿಲ್ಲ. ವಾಕರ್‌ನ ಮಗ ಬಡಗಿಯಾಗಬಹುದಿತ್ತು, ಅವನು ರೈತನ ಮಗಳನ್ನು ಮದುವೆಯಾಗಬಹುದಿತ್ತು. 1379ರ ತಲೆತೆರಿಗೆ ಪಟ್ಟಿಯಲ್ಲೇ ಹೆಸರು ಒಂದು, ಪಕ್ಕದಲ್ಲಿ ಬರೆದ ಕಸುಬು ಇನ್ನೊಂದು ಇರುವ ಸಾಲುಗಳು ಕಾಣುತ್ತವೆ. ಹೆಸರು ಆಗಲೇ ಕಸುಬಿನಿಂದ ಕಳಚಿಕೊಳ್ಳುತ್ತಿತ್ತು. ಅಲ್ಲಿಯೂ ಮೇಲುಕೀಳು ಇತ್ತು, ಬಡವ ಬಲ್ಲಿದ ಭೇದ ಚೆನ್ನಾಗಿಯೇ ಇತ್ತು, ಆದರೆ ಅದನ್ನು ಹೇಳುತ್ತಿದ್ದದ್ದು ಈ ಹೆಸರಲ್ಲ. ಇವತ್ತು ಲೀಡ್ಸ್‌ನಲ್ಲಿ ಒಬ್ಬರ ಹೆಸರು ವಾಕರ್ ಅಂತ ಕೇಳಿದರೆ ಅವರ ಅಪ್ಪನ ಕಡೆಯ ಹಿರಿಯರಲ್ಲಿ ಒಬ್ಬ, ಬಹುಶಃ ಆರೇಳು ನೂರು ವರ್ಷದ ಹಿಂದೆ, ಬಟ್ಟೆ ತುಳಿದಿದ್ದ ಅಂತ ಹೇಳಬಹುದು. ಅದರಾಚೆ ಏನೂ ಗೊತ್ತಾಗುವುದಿಲ್ಲ.

ಎಷ್ಟು ಜನ ಇದ್ದಾರೆ ಅಂದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅತಿ ಹೆಚ್ಚು ಬಳಕೆಯ ಮೊದಲ 20 ಹೆಸರುಗಳೊಳಗೆ ವಾಕರ್ ಇದೆ. ಫುಲ್ಲರ್, ಟಕ್ಕರ್ ಎರಡೂ ಅದರ ಹತ್ತಿರಕ್ಕೂ ಬರುವುದಿಲ್ಲ. ಇದಕ್ಕೆ ಕಾರಣ ಆ ಕಾಲದಲ್ಲಿ ಉತ್ತರದಲ್ಲಿ ಜಾಸ್ತಿ ಜನ ಬಟ್ಟೆ ತುಳಿದರು ಅಂತಲ್ಲ. ಆಮೇಲೆ ಆದದ್ದು. 18, 19ನೇ ಶತಮಾನದಲ್ಲಿ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳಲ್ಲಿ ಗಿರಣಿಗಳು, ಕಲ್ಲಿದ್ದಲ ಗಣಿಗಳು ಎದ್ದವು, ಜನಸಂಖ್ಯೆ ಹಲವು ಪಟ್ಟು ಬೆಳೆಯಿತು. ಆ ಸೀಮೆಯ ಹೆಸರುಗಳೆಲ್ಲ ಜೊತೆಗೇ ಬೆಳೆದವು. ಆಗ್ನೇಯದ ಹಳ್ಳಿಗಳ ಹಳೆಯ ಉಣ್ಣೆ ಕೆಲಸ ಅಷ್ಟರಲ್ಲಿ ಬಡವಾಗಿತ್ತು. ಸ್ಕಾಟ್ಲೆಂಡಿನ ವಾಕರ್‌ಗಳು ಬೇರೆ ಸೇರಿಕೊಂಡರು. ಅಲ್ಲಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳಿಗೆ ಹಡಗು ಹತ್ತಿದವರೂ ಹೆಚ್ಚು.

ಅಮೆರಿಕದಲ್ಲಿ 2000ದ ಜನಗಣತಿಯಲ್ಲಿ ವಾಕರ್ 28ನೇ ಸ್ಥಾನದಲ್ಲಿತ್ತು, 5 ಲಕ್ಷಕ್ಕಿಂತ ಜಾಸ್ತಿ ಜನ. ಅವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕಪ್ಪು ಜನಾಂಗದವರು. ಇದನ್ನು ಸುಮ್ನೆ ಅಂಕಿ ಅಂತ ಓದಿ ಮುಂದೆ ಹೋಗಬಾರದು. ಗುಲಾಮರಾಗಿದ್ದವರಿಗೆ ಅವರದೇ ಮನೆತನದ ಹೆಸರನ್ನು ಉಳಿಸಿಕೊಳ್ಳುವ ಅವಕಾಶ ಇರಲಿಲ್ಲ. 1865ರಲ್ಲಿ ಗುಲಾಮಗಿರಿ ಮುಗಿದ ಮೇಲೆ ಅವರಲ್ಲಿ ಎಷ್ಟೋ ಜನ ಮೊದಲ ಸಲ ಸರ್ಕಾರಿ ಕಾಗದದಲ್ಲಿ ಒಂದು ಪೂರ್ತಿ ಹೆಸರು ಬರೆಸಿದರು. ಕೆಲವರು ಹಳೆಯ ಒಡೆಯನ ಹೆಸರು ಇಟ್ಟುಕೊಂಡರು, ಕೆಲವರು ಇಷ್ಟವಾದ ಬೇರೆ ಹೆಸರು ಆರಿಸಿಕೊಂಡರು. ಹಾಗಾಗಿ ಆ ಮನೆಗಳ ವಾಕರ್ ಹೆಸರಿನಲ್ಲಿ ಯಾರ್ಕ್‌ಶೈರಿನ ತೊಟ್ಟಿ ಹುಡುಕುವುದು ತಪ್ಪು. ಆ ಮನೆಗಳ ಕತೆ ಬೇರೆ. ಕಪ್ಪು ಹೆಂಗಸರ ಕೂದಲಿನ ಆರೈಕೆಯ ಉದ್ಯಮ ಕಟ್ಟಿ ಹೆಸರಾದ ಮೇಡಂ ಸಿ. ಜೆ. ವಾಕರ್ ಹುಟ್ಟಿದ್ದು 1867ರಲ್ಲಿ ಲೂಸಿಯಾನಾದಲ್ಲಿ, ಆಗ ಅವರ ಹೆಸರು ಸಾರಾ ಬ್ರೀಡ್‌ಲವ್. ವಾಕರ್ ಬಂದದ್ದು ಗಂಡ ಚಾರ್ಲ್ಸ್ ಜೋಸೆಫ್ ವಾಕರ್‌ನಿಂದ. ಮದುವೆ ಮುರಿದರೂ ಆ ಹೆಸರನ್ನು ಅವರು ಬಿಡಲಿಲ್ಲ, ಅಷ್ಟು ಹೊತ್ತಿಗೆ ಅದು ಅವರ ಡಬ್ಬಿಗಳ ಮೇಲೆ ಅಚ್ಚಾಗಿತ್ತು.

ನಮ್ಮ ಜನಕ್ಕೆ ಈ ಹೆಸರು ಮೊದಲು ಕಿವಿಗೆ ಬಿದ್ದದ್ದು ಬಹುಶಃ ವಿಸ್ಕಿಯಿಂದ. ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಊರಿನಲ್ಲಿ 1820ರಲ್ಲಿ ಜಾನ್ ವಾಕರ್ ಅಂತ ಒಬ್ಬರು ದಿನಸಿ ಅಂಗಡಿ ತೆರೆದರು, ಅಲ್ಲಿಂದ ಬೆಳೆದದ್ದು ಜಾನಿ ವಾಕರ್. ಬಾಟಲಿಯ ಮೇಲೆ ಟೋಪಿ, ಕೋಲು ಹಿಡಿದು ಬೀಸುಗಾಲು ಹಾಕುವ ಮನುಷ್ಯನ ಚಿತ್ರ ಸೇರಿದ್ದು 1908ರಲ್ಲಿ. ವಾಕರ್ ಅಂದರೆ ನಡೆಯುವವನು ಅನ್ನುವ ನಂಬಿಕೆಯನ್ನು ಜಗತ್ತಿನ ತುಂಬ ಗಟ್ಟಿ ಮಾಡಿದ್ದರಲ್ಲಿ ಆ ಚಿತ್ರದ ಪಾಲು ದೊಡ್ಡದು. ಹಿಂದಿ ಸಿನಿಮಾದ ಹಾಸ್ಯನಟ ಜಾನಿ ವಾಕರ್ ಅವರ ನಿಜವಾದ ಹೆಸರು ಬದ್ರುದ್ದೀನ್ ಜಮಾಲುದ್ದೀನ್ ಕಾಜಿ, ಮುಂಬೈಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಗುರುದತ್ ಅವರು ಆ ವಿಸ್ಕಿಯ ಹೆಸರನ್ನೇ ಅವರಿಗೆ ಇಟ್ಟರು. ಜಾರ್ಜ್ ಡಬ್ಲ್ಯೂ ಬುಷ್ ಹೆಸರಿನ ಆ ಡಬ್ಲ್ಯೂ ಕೂಡ ವಾಕರ್, ಅವರ ಅಜ್ಜಿಯ ತವರುಮನೆಯ ಹೆಸರು. ನಿಮ್ಮ ಮಗಳು ಲೀಡ್ಸ್‌ನ ಅಂಗಡಿಯಲ್ಲಿ ಕೊಳ್ಳುವ ವಾಕರ್ಸ್ ಚಿಪ್ಸ್ ಶುರುವಾದದ್ದು 1948ರಲ್ಲಿ ಲೆಸ್ಟರ್‌ನ ಒಂದು ಮಾಂಸದಂಗಡಿಯಿಂದ. ಇಲ್ಲಿ ನಾವು ತಿನ್ನುವ ಲೇಸ್ ಅದೇ ಕಂಪನಿಯದು.

ಕರ್ನಾಟಕದ ಚರಿತ್ರೆಯಲ್ಲೂ ಒಬ್ಬ ವಾಕರ್ ಬಂದುಹೋಗಿದ್ದಾನೆ. ಅಲೆಕ್ಸಾಂಡರ್ ವಾಕರ್, ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ಅಧಿಕಾರಿ. ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದ. 1784ರ ಜನವರಿಯಲ್ಲಿ ಕೋಟೆ ಒಪ್ಪಿಸಿದಾಗ ಒತ್ತೆಯಾಳಾಗಲು ತಾನಾಗಿ ಮುಂದೆ ಬಂದವರಲ್ಲಿ ಅವನೂ ಒಬ್ಬ. ಆಮೇಲೆ ಬರೋಡಾಗೆ ಹೋದ, 1807ರಲ್ಲಿ ಕಾಠಿಯಾವಾಡದ ರಾಜರ ಜೊತೆ ಮಾಡಿದ ಒಪ್ಪಂದಕ್ಕೆ ಅವನ ಹೆಸರೇ ನಿಂತಿದೆ.

ಕಾಡು ಕಾಯುವವರ ವಿಷಯ ಉಳಿಯಿತು. ರಾಜರ ಕಾಡಿನಲ್ಲಿ ಒಂದೊಂದು ಭಾಗ ನೋಡಿಕೊಳ್ಳುತ್ತಿದ್ದ ಕಾವಲುಗಾರನಿಗೂ ವಾಕರ್ ಅನ್ನುತ್ತಿದ್ದದ್ದು ನಿಜ. ಆದರೆ ಆ ಬಳಕೆ ಬಂದದ್ದು ಈ ಮನೆತನದ ಹೆಸರು ಆಗಲೇ ನೆಲೆ ನಿಂತ ಮೇಲೆ. ಒಂದೆರಡು ಮನೆಗಳಿಗೆ ಅದರಿಂದ ಬಂದಿರಬಹುದೇನೋ, ಲಕ್ಷಾಂತರ ಜನಕ್ಕೆ ಅದು ಮೂಲ ಅಲ್ಲ. ಅದಕ್ಕಿಂತ ಗಟ್ಟಿಯಾದ ಬೇರೆ ಮೂಲ ಒಂದಿದೆ. ನ್ಯೂಕಾಸಲ್ ನಗರದಲ್ಲಿ ಟೈನ್ ನದಿಯ ದಂಡೆಯ ಮೇಲೆ ವಾಕರ್ ಅಂತಲೇ ಒಂದು ಬಡಾವಣೆ ಇದೆ. ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ ಅಲ್ಲಿ ಹಾದುಹೋಗುತ್ತದೆ. ಆ ಊರ ಹೆಸರಿನ ಅರ್ಥ ಗೋಡೆಯ ಪಕ್ಕದ ಜೌಗುನೆಲ, ಪಕ್ಕದ ಊರು ವಾಲ್ಸೆಂಡ್, ಅಂದರೆ ಗೋಡೆಯ ಕೊನೆ. ಆ ಊರಿನಿಂದ ಹೊರಟು ಬೇರೆ ಕಡೆ ನೆಲೆಸಿದವರಿಗೂ ವಾಕರ್ ಎಂಬ ಹೆಸರು ಬಂದಿದೆ. ಅಕ್ಷರ ಒಂದೇ, ಬೇರು ಬೇರೆ.

ಆಫೀಸಿನ ಆ ಮೂವರಿಗೆ ಒಬ್ಬರಿಗೊಬ್ಬರು ಸಂಬಂಧ ಇಲ್ಲದಿರುವುದು ಹಾಗಾಗಿ ಆಶ್ಚರ್ಯ ಅಲ್ಲವೇ ಅಲ್ಲ. ಬಟ್ಟೆ ನೇಯುವ ಪ್ರತಿ ಊರಿಗೂ ಒಬ್ಬ ವಾಕರ್ ಬೇಕಿತ್ತು, ಪ್ರತಿ ಊರಿನಲ್ಲೂ ಹೆಸರು ಬೇರೆಬೇರೆಯಾಗಿ ಹುಟ್ಟಿತು. ಲೆಸ್ಟರ್ ವಿಶ್ವವಿದ್ಯಾಲಯದವರು ಡಿಎನ್ಎ ಹೋಲಿಸಿ ನೋಡಿದಾಗಲೂ ಹೀಗೇ ಕಂಡಿತು: ಅಪರೂಪದ ಹೆಸರಿನವರು ಎಷ್ಟೋ ಸಲ ಒಬ್ಬನೇ ಮೂಲಪುರುಷನ ಕಡೆಯವರು, ಸ್ಮಿತ್‌ನಂಥ ಸಾಮಾನ್ಯ ಹೆಸರಿನವರಿಗೆ ಹಾಗೆ ಒಂದೇ ಬೇರು ಇಲ್ಲ.

ಅವರಿಗೇ ಕುತೂಹಲ ಇದ್ದರೆ ಮಗಳು ಒಂದು ಪ್ರಶ್ನೆ ಕೇಳಲಿ: ನಿಮ್ಮ ಮುತ್ತಜ್ಜನ ಊರು ಯಾವುದು? ಲೀಡ್ಸ್, ಹ್ಯಾಲಿಫ್ಯಾಕ್ಸ್, ಹಡರ್ಸ್‌ಫೀಲ್ಡ್ ಕಡೆ ಅಂದರೆ ತೊಟ್ಟಿ ಅಥವಾ ಗಿರಣಿ ಅಂತ ಧೈರ್ಯವಾಗಿ ಹೇಳಬಹುದು. ಟೈನ್ ದಂಡೆ ಅಂದರೆ ಗೋಡೆಯ ಪಕ್ಕದ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ಕಾಟ್ಲೆಂಡಿನ ಬೆಟ್ಟದ ಸೀಮೆ ಅಂದರೆ ಅದು ಗೇಲಿಕ್‌ನಿಂದ ಅನುವಾದವಾದ ಹೆಸರಿರಬಹುದು. ಇನ್ನೂ ಹಿಂದೆ ಹೋಗಬೇಕೆಂದರೆ ಜನನ, ಮರಣ, ಮದುವೆಯ ಸರ್ಕಾರಿ ದಾಖಲೆ ಇಂಗ್ಲೆಂಡಿನಲ್ಲಿ 1837ರಿಂದ ಇದೆ, ಚರ್ಚಿನ ಪುಸ್ತಕಗಳು 1538ರಿಂದ. ಆ ಪುಸ್ತಕಗಳಲ್ಲಿ ಹುಡುಕುವಾಗ ಎಲ್ ಅಕ್ಷರ ಬಿಟ್ಟ ರೂಪಗಳನ್ನೂ ನೋಡಲು ಹೇಳಿ. ಬರೆಯುವವರು ಕಿವಿಗೆ ಕೇಳಿದ ಹಾಗೆ ಬರೆದಿರುತ್ತಾರೆ.